ಹಳೇ ಕ್ರೂಸರ್ ಕೊಟ್ಟು ಹೊಸದು ತಂದದ್ದು: ಕಾಲು ಹೇಳಿದಂತೆ ಕೇಳಿದೆ

ನನ್ನ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಬೈಕ್ ಕೊಟ್ಟು ದೊಡ್ಡ ಕ್ರೂಸರ್ (ಕಾಲು ಮುಂದೆ ಚಾಚಿ ನೆಟ್ಟಗೆ ಕೂತು ಓಡಿಸುವ ಬೈಕ್) ತಗೊಳ್ಳೋಣ ಎಂದು ಮನಸ್ಸು ಮಾಡಿದಾಗ ಮೂರು ಬೈಕ್ ಕಣ್ಣಮುಂದಿದ್ದವು. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೋರ್ 650, ಕಾವಾಸಾಕಿ ವಲ್ಕನ್ ಎಸ್, ಹೋಂಡಾ ರೆಬೆಲ್ 500. ಹಳೆಯದರ ಮೇಲೆ ನನಗೆ ಯಾವ ದೂರೂ ಇರಲಿಲ್ಲ. 20 ಬಿಎಚ್‌ಪಿ ಶಕ್ತಿ, 27 ನ್ಯೂಟನ್ ಮೀಟರ್ ಟಾರ್ಕ್ (ಎಳೆಯುವ ಬಲ). 80 ಕಿಮೀ ವೇಗದಲ್ಲಿ ಅದು ಕೊಡುವ ನೆಮ್ಮದಿಯೇ ಬೇರೆ. ಆದರೆ ಈಗ ನನ್ನ ಓಡಾಟ ಜಾಸ್ತಿ ಹೆದ್ದಾರಿಯಲ್ಲಿ, ಅದೂ ಹೆಚ್ಚಾಗಿ ಒಬ್ಬನೇ. ಉದ್ದದ ಲಾರಿಯನ್ನು ಹಿಂದೆ ಹಾಕುವಾಗ ಕೈಯಲ್ಲಿ ಇನ್ನೊಂದಿಷ್ಟು ಬಲ ಉಳಿದಿರಬೇಕು ಅನಿಸುತ್ತಿತ್ತು.

ಕ್ರೂಸರ್ ನೋಡಲು ಹೋದವರು ಸಾಮಾನ್ಯವಾಗಿ ಸಿಸಿ, ಟಾರ್ಕ್, ಸೈಲೆನ್ಸರ್ ಸದ್ದು ಈ ಕ್ರಮದಲ್ಲಿ ನೋಡುತ್ತಾರೆ. ನಾನು ಮೊದಲು ನೋಡಿದ್ದು ಫುಟ್‌ರೆಸ್ಟ್ ಎಲ್ಲಿದೆ ಅನ್ನುವುದನ್ನು. ಕಾರಣ ಇದೆ. ಮಾಮೂಲಿ ಬೈಕಿನಲ್ಲಿ ಕಾಲು ನಮ್ಮ ಮೈ ಕೆಳಗೇ ಇರುತ್ತದೆ. ಹಂಪ್ ಬಂದರೆ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸ್ವಲ್ಪ ಎದ್ದು ನಿಲ್ಲಬಹುದು, ಪೆಟ್ಟನ್ನು ಮೊಣಕಾಲು ನುಂಗಿಕೊಳ್ಳುತ್ತದೆ. ಕ್ರೂಸರಿನಲ್ಲಿ ಕಾಲು ಮುಂದಕ್ಕೆ ಚಾಚಿದಷ್ಟೂ ಹಾಗೆ ಏಳುವುದು ಕಷ್ಟ. ಮೈ ಭಾರವೆಲ್ಲ ಬೆನ್ನುಮೂಳೆಯ ತುದಿಗೆ ಬೀಳುತ್ತದೆ, ಹಂಪಿನ ಪೆಟ್ಟೂ ನೇರ ಅಲ್ಲಿಗೇ. ಸಾಲದ್ದಕ್ಕೆ, ನೆಟ್ಟಗೆ ಕೂತವನ ಎದೆಗೆ ಗಾಳಿ ಬಡಿಯುತ್ತದೆ. ಕಾಲು ಮುಂದಿರುವುದರಿಂದ ಮೈಯನ್ನು ಮುಂದಕ್ಕೆ ಬಗ್ಗಿಸಿ ಹಿಡಿಯಲು ಆಗುವುದಿಲ್ಲ, ಹ್ಯಾಂಡಲ್ ಹಿಡಿದು ನೇತಾಡುವುದೇ ಆಗುತ್ತದೆ. ಅರ್ಧ ಗಂಟೆಯ ಟೆಸ್ಟ್ ರೈಡಿನಲ್ಲಿ ಇದು ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ಗಂಟೆಯಲ್ಲಿ ಭುಜ, ಸೊಂಟ ಎರಡೂ ಒಟ್ಟಿಗೆ ಮಾತಾಡಲು ಶುರು ಮಾಡುತ್ತವೆ.

ರೆಬೆಲ್ 500 ಬೇಗ ಪಟ್ಟಿಯಿಂದ ಹೊರಬಿತ್ತು. ಓಡಿಸಲು ಬಲು ಹಗುರ, ಸೀಟಿನ ಎತ್ತರ 690 ಮಿಮೀ ಅಷ್ಟೇ, ಫುಟ್‌ರೆಸ್ಟ್ ಕೂಡ ತೀರಾ ಮುಂದಿಲ್ಲ. ಊರೊಳಗೆ ಓಡಾಡುವವರಿಗೆ, ಮೊದಲ ಸಲ ಕ್ರೂಸರ್ ಹತ್ತುವವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಟ್ಯಾಂಕ್ 11.2 ಲೀಟರ್. ನನ್ನ ಹಳೆಯದರಲ್ಲಿ 15 ಲೀಟರ್ ಹಿಡಿಯುತ್ತಿತ್ತು. ದೂರದ ಓಡಾಟಕ್ಕೆಂದೇ ಬೈಕ್ ಬದಲಿಸುವಾಗ ಟ್ಯಾಂಕ್ ಇಷ್ಟೊಂದು ಚಿಕ್ಕದು ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಾಗಲಿಲ್ಲ.

ಉಳಿದದ್ದು ಎರಡು. ಕಾಗದದ ಮೇಲೆ ಅಣ್ಣತಮ್ಮಂದಿರ ಹಾಗೆ: 648 ಸಿಸಿ, 649 ಸಿಸಿ, ಎರಡೂ ಪ್ಯಾರಲಲ್ ಟ್ವಿನ್, ಅಂದರೆ ಎರಡು ಸಿಲಿಂಡರ್ ಅಕ್ಕಪಕ್ಕ ಇರುವ ಎಂಜಿನ್. ಓಡಿಸಿದರೆ ಸ್ವಭಾವವೇ ಬೇರೆ. ಸೂಪರ್ ಮೀಟಿಯೋರಿನ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 270 ಡಿಗ್ರಿಯದು. ಎರಡು ಸಿಲಿಂಡರ್ ಸಮ ಅಂತರದಲ್ಲಿ ಹೊಡೆಯುವುದಿಲ್ಲ, ಸಿಲಿಂಡರ್‌ಗಳು 'ವಿ' ಆಕಾರದಲ್ಲಿರುವ 90 ಡಿಗ್ರಿ ವಿ-ಟ್ವಿನ್ ಎಂಜಿನ್ನಿನ ಲಯವೇ ಬರುತ್ತದೆ. ಆ ಸದ್ದಿಗೆ ನಾನು ನಿಜಕ್ಕೂ ಸೋತೆ. 47 ಪಿಎಸ್ (ಒಂದು ಪಿಎಸ್ ಹೆಚ್ಚುಕಡಿಮೆ ಒಂದು ಬಿಎಚ್‌ಪಿ) ಅಷ್ಟೇ ಇದ್ದರೂ ಕಡಿಮೆ ಆರ್‌ಪಿಎಂನಲ್ಲೇ, ಅಂದರೆ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಎಳೆಯುತ್ತದೆ, ಗೇರ್ ಬದಲಿಸುವ ಕೆಲಸ ಕಡಿಮೆ. ವಲ್ಕನ್ನಿನದು 180 ಡಿಗ್ರಿ ಕ್ರ್ಯಾಂಕ್, ಲಿಕ್ವಿಡ್ ಕೂಲಿಂಗ್, 61 ಪಿಎಸ್ ಹತ್ತಿರ. ಕಡಿಮೆ ಆರ್‌ಪಿಎಂನಲ್ಲಿ ಸಾಧು, ಆರ್‌ಪಿಎಂ ಏರಿದಂತೆ ಹುರುಪು. ಕ್ರೂಸರ್ ಅಂದರೆ ಗುಡುಗುಡು ಸದ್ದು ಎಂದುಕೊಂಡವರಿಗೆ ಇದು ಸ್ವಲ್ಪ ಸಪ್ಪೆ ಅನಿಸಬಹುದು. ಹೆದ್ದಾರಿಯಲ್ಲಿ ಮಾತ್ರ ಆ ಹೆಚ್ಚುವರಿ ಬಲ ಕೆಲಸಕ್ಕೆ ಬರುತ್ತದೆ.

ಇಷ್ಟರಲ್ಲಿ ಯಾವುದನ್ನಾದರೂ ಆರಿಸಿದ್ದರೆ ಸದ್ದು ಕೇಳಿ ಸೂಪರ್ ಮೀಟಿಯೋರ್ ತರುತ್ತಿದ್ದೆ. ಆದರೆ ನಾನು ಎತ್ತರದ ಆಸಾಮಿ ಅಲ್ಲ. ಹಾಗಾಗಿ ಎರಡೂ ಬೈಕಿಗೆ ಒಂದೇ ಪರೀಕ್ಷೆ ಇಟ್ಟೆ. ಎಂಜಿನ್ ಆಫ್ ಮಾಡಿ ಕೂತು, ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸುವುದು. ಆಗ ಬಲಗೈ ಹಿಡಿಕೆಯ ತನಕ ಆರಾಮಾಗಿ ಹೋಗುತ್ತದಾ, ಇಲ್ಲಾ ಬೆನ್ನು ಸೀಟಿನಿಂದ ಮುಂದಕ್ಕೆ ಎದ್ದು ಬರುತ್ತದಾ? ಬೆನ್ನು ಎದ್ದರೆ ಇಕ್ಕಟ್ಟಿನಲ್ಲಿ ಯು-ಟರ್ನ್ ಹೊಡೆಯುವಾಗ ತೊಂದರೆ ಖಾತ್ರಿ. ಆಮೇಲೆ ಸೀಟಿನಲ್ಲೇ ಕೂತು, ಕಾಲಿನಿಂದ ದೂಡುತ್ತಾ ಸ್ವಲ್ಪ ಏರಿನಲ್ಲಿ ಹಿಂದಕ್ಕೆ ತರುವುದು. ಹಳೆಯ ಬೈಕ್ 191 ಕೆಜಿ. ಸೂಪರ್ ಮೀಟಿಯೋರ್ 241 ಕೆಜಿ. ಓಡುವಾಗ ಈ ಭಾರ ಗೊತ್ತೇ ಆಗುವುದಿಲ್ಲ, ನಿಂತಾಗ ಪೂರ್ತಿ ಗೊತ್ತಾಗುತ್ತದೆ. ವಲ್ಕನ್ ಕೂಡ ಹಗುರವೇನಲ್ಲ, ಆದರೆ ಸೀಟ್ 705 ಮಿಮೀ. ಸೂಪರ್ ಮೀಟಿಯೋರಿನದು 740. ಆ ವ್ಯತ್ಯಾಸಕ್ಕೇ ನನ್ನ ಹಿಮ್ಮಡಿ ನೆಲಕ್ಕೆ ಪೂರ್ತಿ ಊರಿತು, ದೂಡಲು ತೊಡೆಗೆ ಬಲ ಸಿಕ್ಕಿತು.

ಕೊನೆಗೆ ತಕ್ಕಡಿ ವಾಲಿದ್ದು ಒಂದಿಂಚಿನಿಂದ. ವಲ್ಕನ್ನಿನ ಫುಟ್‌ರೆಸ್ಟ್‌ಗೆ ಮೂರು ಜಾಗ ಇದೆ. ನಡುವಿನ ಜಾಗದಿಂದ ಒಂದಿಂಚು ಮುಂದೆ, ಇಲ್ಲವೇ ಒಂದಿಂಚು ಹಿಂದೆ. ಗೇರ್ ಲಿವರ್, ಬ್ರೇಕ್ ಪೆಡಲ್ ಜತೆಗೇ ಸರಿಯುತ್ತವೆ. ಸವಾರನನ್ನು ಹತ್ತಿರ ತರುವ ಹ್ಯಾಂಡಲ್, ಸೀಟ್ ಕೂಡ ಬೇರೆಯಾಗಿ ಸಿಗುತ್ತವೆ. ಒಂದಿಂಚಿನಲ್ಲಿ ಏನಿದೆ ಅನ್ನಬೇಡಿ. ಹಿಂದಿನ ಜಾಗಕ್ಕೆ ಸರಿಸಿ ಕೂತಾಗ ಮೊಣಕಾಲು ಮಡಚಿತು, ಪಾದ ಒತ್ತಿದರೆ ಸೀಟಿನಿಂದ ಮೈ ಹಗುರಾಯಿತು. ಪೆಟ್ಟು ಬಿದ್ದಾಗ ಇದರ ಹಿಂದಿನ ಚಕ್ರ ಮೇಲಕ್ಕೆ ಸರಿಯುವುದು 80 ಮಿಮೀ, ಸೂಪರ್ ಮೀಟಿಯೋರಿನಲ್ಲಿ 101. ಅಂದರೆ ಕೆಟ್ಟ ರಸ್ತೆಯಲ್ಲಿ ವಲ್ಕನ್ ಸವಾರನಿಗೆ ಕಾಲಿನ ಸಹಾಯ ಇನ್ನೂ ಜಾಸ್ತಿ ಬೇಕು. ಆ ಸಹಾಯ ಸಿಗುವ ಹಾಗೆ ಜೋಡಿಸಿಕೊಳ್ಳಲು ಆಗುತ್ತದೆ ಅನ್ನುವುದೇ ನನಗೆ ಮುಖ್ಯವಾಯಿತು. ಯಾವಾಗಲೂ ಜೋಡಿಯಾಗಿ ಹೋಗುವವರಾದರೆ, ಕಾಲು ಉದ್ದ ಇದ್ದರೆ, ಸೂಪರ್ ಮೀಟಿಯೋರ್ ತಗೊಳ್ಳಿ ಎಂದೇ ಹೇಳುತ್ತೇನೆ. ನನ್ನ ಅಳತೆಗೆ ವಲ್ಕನ್ ಸರಿಹೋಯಿತು.

ಇನ್ನು ಎಕ್ಸ್‌ಚೇಂಜ್ ವಿಷಯ. ಶೋರೂಂನವರು 'ಹಳೇದು ಕೊಟ್ಟು ಮೇಲೆ ಇಷ್ಟು ಕೊಡಿ' ಎಂದು ಒಂದೇ ಮೊತ್ತ ಹೇಳಲು ನೋಡುತ್ತಾರೆ. ಅದಕ್ಕೆ ಒಪ್ಪಬೇಡಿ. ಹಳೆಯ ಬೈಕಿನ ಮಾತೇ ಎತ್ತದೆ ಹೊಸದರ ಪೂರ್ತಿ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆಸಿಕೊಂಡೆ. ಹಳೆಯದರ ಬೆಲೆ ಆಮೇಲೆ ಕೇಳಿದೆ. ಎರಡನ್ನೂ ಬೆರೆಸಿದರೆ ಒಂದು ಕಡೆ ಕೊಟ್ಟ ರಿಯಾಯಿತಿಯನ್ನು ಇನ್ನೊಂದು ಕಡೆ ವಾಪಸ್ ತಗೊಳ್ಳುವುದು ಸುಲಭ. ಹೊರಗೆ ನೇರವಾಗಿ ಮಾರಿದರೆ ಎಷ್ಟು ಸಿಗುತ್ತದೆ ಎಂದೂ ವಿಚಾರಿಸಿಟ್ಟುಕೊಂಡಿದ್ದೆ. ಸಾಮಾನ್ಯವಾಗಿ ಅಲ್ಲಿ ಜಾಸ್ತಿಯೇ ಸಿಗುತ್ತದೆ, ಆದರೆ ಬಂದವರಿಗೆಲ್ಲ ಬೈಕ್ ತೋರಿಸುತ್ತಾ ಕೂರುವ ತಾಳ್ಮೆ ಬೇಕು.

ನಾನೇ ಹಾಕಿಸಿದ್ದ ಕ್ರ್ಯಾಶ್ ಗಾರ್ಡ್, ಬ್ಯಾಕ್‌ರೆಸ್ಟ್ ಬಿಚ್ಚಿ ಬೇರೆ ಮಾರಿದೆ. ಎಕ್ಸ್‌ಚೇಂಜಿನಲ್ಲಿ ಅವಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲ. ಕಂಪನಿಯ ಮೂಲ ಭಾಗಗಳನ್ನು ಎತ್ತಿಟ್ಟಿದ್ದರಿಂದ ವಾಪಸ್ ಹಾಕಿ ಕೊಟ್ಟೆ. ಎರಡೂ ಕೀ, ಎಲ್ಲ ಸರ್ವಿಸ್ ಬಿಲ್ ಜತೆಗಿಟ್ಟರೆ ಚೌಕಾಸಿಗೆ ಬಲ ಬರುತ್ತದೆ. ಫುಟ್‌ರೆಸ್ಟ್ ಹಿಂದಿನ ಜಾಗಕ್ಕೆ ಸರಿಸಿಯೇ ಡೆಲಿವರಿ ಕೊಡಬೇಕು ಎಂಬುದನ್ನೂ ಮುಂಗಡ ಕೊಡುವ ಮೊದಲೇ ಬರೆಸಿದೆ. ಹಳೆಯ ಬೈಕ್ ಒಪ್ಪಿಸಿದ ದಿನಾಂಕ, ಸಮಯ ಇರುವ ರಸೀದಿ ತಗೊಂಡೆ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಆ ಬೈಕಿನಿಂದ ಏನೇ ಆದರೂ ಮೊದಲು ಹುಡುಕಿಕೊಂಡು ಬರುವುದು ನಮ್ಮನ್ನೇ ಅಲ್ವಾ? ಹೆಸರು ಬದಲಾದ ದಾಖಲೆಯ ಪ್ರತಿ ಕೈಗೆ ಬರುವ ತನಕ ಶೋರೂಂಗೆ ಫೋನ್ ಮಾಡುತ್ತಲೇ ಇದ್ದೆ.