ಕಾಲೇಜಿನ ಕಿರುಚಿತ್ರಕ್ಕೆ ಒಳ್ಳೆ ಸೌಂಡ್ ಹಿಡಿಯುವುದು ಹೇಗೆ?

ಸಿನಿಮಾ, ಟಿವಿ ಕೋರ್ಸಿನ ವಿದ್ಯಾರ್ಥಿಗಳು ಮಾಡಿದ ಕಿರುಚಿತ್ರಗಳನ್ನು ಪ್ರತಿ ವರ್ಷ ನೋಡುತ್ತೇನೆ. ಫ್ರೇಮ್ ಚೆನ್ನಾಗಿರುತ್ತದೆ, ಲೈಟಿಂಗೂ ಚೆನ್ನಾಗಿರುತ್ತದೆ. ಪಾತ್ರ ಬಾಯಿ ಬಿಟ್ಟರೆ ಮಾತಿಗಿಂತ ಫ್ಯಾನಿನ ಸದ್ದೇ ಜಾಸ್ತಿ. ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ, ಪುಣೆಯ ಸಿನಿಮಾ, ಟಿವಿ ಸಂಸ್ಥೆ ಎಫ್‌ಟಿಐಐನಲ್ಲಿ ಸೌಂಡ್‌ಗೆಂದೇ ಬೇರೆ ಕೋರ್ಸ್ ಇದೆ. ಅಷ್ಟು ಕಲಿಯುವ ಕೆಲಸ ಅದು. ಉಳಿದ ಕಾಲೇಜುಗಳಲ್ಲಿ ಮೈಕು ಸುಮ್ನೆ ಖಾಲಿ ನಿಂತವರ ಕೈಗೆ ಹೋಗುತ್ತದೆ. ಹಾಗೆ ಮಾಡಬೇಡಿ. ಮೊದಲ ದಿನವೇ ಒಬ್ಬರನ್ನು ಗೊತ್ತು ಮಾಡಿ.

1. ಜಾಗ ಕೇಳಿಸಿಕೊಳ್ಳಿ

ಶೂಟಿಂಗ್ ಇರುವ ಹೊತ್ತಿಗೇ ಹೋಗಿ, ಮಾತಾಡದೆ ಸ್ವಲ್ಪ ಹೊತ್ತು ನಿಲ್ಲಿ. ಪಕ್ಕದ ಮನೆಯ ಮಿಕ್ಸಿ, ಶಾಲೆಯ ಗಂಟೆ, ಬೋರ್‌ವೆಲ್ ಮೋಟರ್ ಎಲ್ಲ ಆಗ ಗೊತ್ತಾಗುತ್ತದೆ. ಟೈಲ್ಸ್ ಹಾಕಿದ ಖಾಲಿ ಕೋಣೆ ಬೇಡವೇ ಬೇಡ, ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಫ್ರೇಮಿನ ಆಚೆ ಕಂಬಳಿ, ಜಮಖಾನ ಹಾಸಿ. ಫ್ರಿಜ್ ಆಫ್ ಮಾಡಿ, ಗಾಡಿ ಕೀಲಿ ಅದರೊಳಗೇ ಇಡಿ. ಹೊರಡುವಾಗ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ.

2. ರೆಕಾರ್ಡರ್

ಸೌಂಡ್ ಕ್ಯಾಮೆರಾದಲ್ಲಲ್ಲ, ಬೇರೆ ರೆಕಾರ್ಡರಿನಲ್ಲಿ ಹಿಡಿಯಿರಿ. ಅದರ ಸೆಟ್ಟಿಂಗ್: 48 ಕಿಲೋಹರ್ಟ್ಸ್, 24 ಬಿಟ್, ವೇವ್ (WAV) ಫೈಲ್. ಸದ್ದನ್ನು ತಾನೇ ಏರಿಸಿ ಇಳಿಸುವ ಆಟೋ ಲೆವೆಲ್ ಆಫ್. ಜೋರು ಮಾತೂ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ದಾಟಬಾರದು.

3. ಬೂಮ್ ಹಿಡಿಯುವುದು

ಬೂಮ್ ಅಂದರೆ ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕು. ಎಲ್ಲರೂ ಎಡವುವುದು ಇಲ್ಲೇ. ಕ್ಯಾಮೆರಾ ತಲೆಯ ಮೇಲೆ ಮೈಕ್ ಸಿಕ್ಕಿಸಿದರೆ ಸಾಕು ಅಂದುಕೊಳ್ಳುತ್ತಾರೆ. ಮೈಕಿನ ದೂರ ಎರಡು ಪಟ್ಟಾದರೆ ಮಾತು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಅದಕ್ಕೇ ಮೈಕು ಬಾಯಿಯ ಹತ್ತಿರ ಬರಬೇಕು.

ಕ್ಯಾಮೆರಾದವರಿಗೆ ಹೇಳಿ, ಬೂಮನ್ನು ಫ್ರೇಮಿನಲ್ಲಿ ಕಾಣುವವರೆಗೆ ಇಳಿಸಿ. ಕಂಡ ಮೇಲೆ ನಾಲ್ಕು ಬೆರಳಷ್ಟು ಎತ್ತಿ. ಅದೇ ನಿಮ್ಮ ಜಾಗ. ಮುಂದಿನಿಂದ, ತಲೆಗಿಂತ ಮೇಲೆ, ಮೈಕಿನ ಮೂತಿ ಬಾಯಿಯ ಕಡೆಗೆ. ಕೋಲಿನ ಮೇಲೆ ಬೆರಳು ಆಡಿಸಬೇಡಿ, ಕೇಬಲ್ ತೂಗಾಡಲು ಬಿಡಬೇಡಿ, ಎರಡೂ ರೆಕಾರ್ಡ್ ಆಗುತ್ತವೆ. ಇಬ್ಬರು ಮಾತಾಡುವ ದೃಶ್ಯವಾದರೆ ಬೂಮ್ ಹಿಡಿದವರಿಗೂ ಡೈಲಾಗ್ ಬಾಯಿಪಾಠ ಇರಬೇಕು. ಮಾತು ಶುರುವಾದ ಮೇಲೆ ಮೈಕು ತಿರುಗಿಸಿದರೆ ಮೊದಲ ಪದ ಹೋಯಿತು ಅಂತಲೇ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಇಲ್ಲದೆ ಒಂದು ಟೇಕೂ ಬೇಡ.

ಕಾಲರ್ ಮೈಕ್ ಇದ್ದರೂ ಮೊದಲು ಬೂಮ್ ಅಂತಲೇ ನಾನು ಹೇಳುವುದು. ರೇಷ್ಮೆ ಸೀರೆಗೆ ಸಿಕ್ಕಿಸಿದ ಕಾಲರ್ ಮೈಕಿನಲ್ಲಿ ಸರಸರ ಸದ್ದೇ ತುಂಬಿರುತ್ತದೆ. ಹೊರಾಂಗಣದಲ್ಲಿ ಮೈಕಿನ ಜೊತೆ ಬರುವ ತೆಳು ಸ್ಪಂಜು ಗಾಳಿಗೆ ಏನೂ ಸಾಲದು, ತುಪ್ಪಳದ ಕವರ್ ಕೊಳ್ಳಿ.

‘ಡಬ್ಬಿಂಗ್‌ನಲ್ಲಿ ಸರಿ ಮಾಡೋಣ’ ಅನ್ನುವವರ ಮಾತು ಕೇಳಬೇಡಿ. ಹೊಸ ನಟರಿಗೆ ತುಟಿ ಕೂಡಿಸುವುದೇ ಕಷ್ಟ, ಸೆಟ್‌ನಲ್ಲಿ ಬಂದ ಭಾವ ಮತ್ತೆ ಬರುವುದೂ ಅಪರೂಪ. ಗದ್ದಲ ತೆಗೆಯುವ ಆ್ಯಪ್‌ಗಳನ್ನು ಜಾಸ್ತಿ ಎಳೆದರೆ ಬಾವಿಯೊಳಗಿಂದ ಮಾತಾಡಿದ ಹಾಗಾಗುತ್ತದೆ.

4. ಕ್ಲಾಪ್

ದೃಶ್ಯ, ಶಾಟ್, ಟೇಕ್ ಸಂಖ್ಯೆ ಜೋರಾಗಿ ಹೇಳಿ ಕ್ಲಾಪ್ ಬೋರ್ಡ್ ಒಮ್ಮೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ರೆಕಾರ್ಡರಿನ ಸೌಂಡನ್ನು ಚಿತ್ರಕ್ಕೆ ಕೂಡಿಸುವುದು ಆ ಸದ್ದಿನಿಂದಲೇ. ಫೋನಿನಲ್ಲಿ ಶೂಟ್ ಮಾಡುವವರು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು, ಬದಲಾಗದಂತೆ 24 ಅಥವಾ 25ಕ್ಕೆ ಕಟ್ಟಿಹಾಕುವ ಆ್ಯಪ್ ಬಳಸಿ. ಇಲ್ಲದಿದ್ದರೆ ಉದ್ದ ಟೇಕುಗಳಲ್ಲಿ ತುಟಿ, ಮಾತು ಬೇರೆಬೇರೆ ದಾರಿ ಹಿಡಿಯುತ್ತವೆ.

5. ರೂಮ್ ಟೋನ್

ದೃಶ್ಯ ಮುಗಿದ ಮೇಲೆ ಎಲ್ಲರೂ ನಿಂತಲ್ಲೇ ನಿಲ್ಲಿ. ಅರ್ಧ ನಿಮಿಷವಾದರೂ ಯಾರೂ ಮಾತಾಡದ ಕೋಣೆಯ ಸದ್ದು ಹಿಡಿಯಿರಿ. ಎಡಿಟಿಂಗ್‌ನಲ್ಲಿ ಮಾತುಗಳ ನಡುವಿನ ತೂತು ಮುಚ್ಚುವುದು ಇದರಿಂದಲೇ. ಫೈಲ್‌ಗಳನ್ನು ಆ ರಾತ್ರಿಯೇ ಎರಡು ಡಿಸ್ಕ್‌ಗಳಿಗೆ ಹಾಕಿ. ಎಡಿಟರ್ ಎಲ್ಲವನ್ನೂ ತೆರೆದು ಕೇಳುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.