ಎರಡು ಸೊಲೆನಾಯ್ಡ್ ಸುಟ್ಟ ಮೇಲೆ ಗೊತ್ತಾಗಿದ್ದು

ನಮ್ಮದು ಮಲ್ಪೆಯ ಚಿಕ್ಕ ಡೀಸೆಲ್ ಬೋಟು. ಬ್ಯಾಟರಿ ಎರಡು: ಒಂದು ಇಂಜಿನ್ ಸ್ಟಾರ್ಟ್ ಮಾಡೋಕೆ, ಇನ್ನೊಂದು ಲೈಟು, ಜಿಪಿಎಸ್, ವೈರ್‌ಲೆಸ್ಸಿಗೆ. ಇಂಜಿನ್ ಓಡುವಾಗ ಎರಡೂ ಚಾರ್ಜ್ ಆಗಲಿ, ನಿಂತಾಗ ಬೇರೆಯಾಗಲಿ ಅಂತ ನಡುವೆ ಒಂದು ಸೊಲೆನಾಯ್ಡ್ (ಕರೆಂಟು ಕೊಟ್ಟರೆ ಸೇರಿಸುವ, ತೆಗೆದರೆ ಬಿಡಿಸುವ ಸ್ವಿಚ್ಚು) ಹಾಕಿದ್ದೆ. ಆರು ತಿಂಗಳಲ್ಲಿ ಎರಡು ಸುಟ್ಟುಹೋದವು. ಎರಡನೆಯದು ಮುಟ್ಟಿದರೆ ಕೈ ಸುಡುತ್ತಿತ್ತು, ಪ್ಲಾಸ್ಟಿಕ್ ಕರಗಿದ ವಾಸನೆ ಬೇರೆ.

ಸುಮ್ನೆ ಉಪ್ಪುನೀರನ್ನು ಬೈದೆ. ತಪ್ಪು ನನ್ನದೇ. ನಾನು ತಂದದ್ದು ಜೀಪಿಗೆ ಹಾಕುವಂಥ ಸ್ಟಾರ್ಟರ್ ಸೊಲೆನಾಯ್ಡ್. ಅದು ಕೆಲವೇ ಸೆಕೆಂಡು ಕೆಲಸ ಮಾಡೋಕೆ ಇರುವುದು. ನಮಗೆ ಬೇಕಿದ್ದದ್ದು ಗಂಟೆಗಟ್ಟಲೆ ಆನ್ ಇದ್ದರೂ ತಡೆಯುವ ಕಂಟಿನ್ಯೂಯಸ್ ಡ್ಯೂಟಿ ಸೊಲೆನಾಯ್ಡ್. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ, ಅದೇ ಎಡವಟ್ಟು.

ಸುಟ್ಟದ್ದರ ಮಾದರಿಯದೇ ಹೊಸ ಪೀಸಿಗೆ ಮಲ್ಟಿಮೀಟರ್ ಹಿಡಿದೆ. ಕಾಯಿಲ್, ಅಂದರೆ ಒಳಗಿನ ತಂತಿಸುರುಳಿ, 4 ಓಮ್. ಚಾರ್ಜ್ ಆಗುವಾಗ 14 ವೋಲ್ಟ್ ಇರುತ್ತದೆ, ಅಂದರೆ 3.5 ಆಂಪಿಯರ್, ಹತ್ತಿರಹತ್ತಿರ 50 ವ್ಯಾಟ್ ಬಿಸಿ! ಸುಡದೆ ಇರುತ್ತದಾ? ಕಂಟಿನ್ಯೂಯಸ್ ಡ್ಯೂಟಿಯದು 16 ಓಮ್ ತೋರಿಸಿತು. ಲೆಕ್ಕ ಹಾಕಿದರೆ ಬರೀ 12 ವ್ಯಾಟ್.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ 55 ಆಂಪಿಯರಿನದು, ಅದಕ್ಕೆ 100 ಆಂಪಿಯರಿನ ಸೊಲೆನಾಯ್ಡನ್ನೇ ತಗೊಂಡೆ. ಲೇಬಲ್ಲಿನಲ್ಲಿ ದೊಡ್ಡದಾಗಿ ಹಾಕಿರುವ ನಂಬರ್ ಒಮ್ಮೊಮ್ಮೆ ಕ್ಷಣಮಾತ್ರದ ಲೋಡಿನದು, ಸತತ ಲೋಡಿನ ನಂಬರ್ ನೋಡಿ. ಕಾಯಿಲ್ ವೈರನ್ನು ಕೀಯಿಂದ ತೆಗೆದು ಇಂಜಿನ್ ಓಡಿ ಆಯಿಲ್ ಒತ್ತಡ ಬಂದಾಗ ಮಾತ್ರ ಆನ್ ಆಗುವ ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಹಾಕಿದೆ. ಈಗ ಕೀ ಆನ್ ಮಾಡಿ ಮರೆತರೂ ಬ್ಯಾಟರಿಗಳು ಸೇರಿಕೊಳ್ಳುವುದಿಲ್ಲ. ಎರಡೂ ಬ್ಯಾಟರಿ ಹತ್ತಿರ ಫ್ಯೂಸ್ ಹಾಕಿದ್ದೇನೆ. ಪೆಟ್ರೋಲ್ ಇಂಜಿನ್ ಆದರೆ ಮಾತ್ರ ಕಿಡಿ ಹೊರಬರದಂಥ, ಬೋಟಿಗಂತಲೇ ಮಾಡಿದ ಮಾದರಿಯೇ ಬೇಕು.

ಈಗ ಇಡೀ ರಾತ್ರಿ ಓಡಿಸಿ ಬಂದರೂ ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ.