ಜಾವಾ ಕ್ಲಾಸಿಗೆ ಕನ್‌ಸ್ಟ್ರಕ್ಟರನ್ನು ನಾವೇ ಬರೆಯುವುದು ಏಕೆ, ಹೇಗೆ

ಜಾವಾ ಕ್ಲಾಸಿನಲ್ಲಿ ಕನ್‌ಸ್ಟ್ರಕ್ಟರ್ (ಹೊಸ ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಬರೆಯದೆ ಬಿಟ್ಟರೆ, ಆರ್ಗ್ಯುಮೆಂಟ್ ಇಲ್ಲದ ಒಂದನ್ನು ಕಂಪೈಲರ್ ತಾನೇ ಸೇರಿಸುತ್ತದೆ. ಪಿಎನ್‌ಆರ್, ಪ್ರಯಾಣದ ದಿನಾಂಕ, ದರ ಎಂಬ ಮೂರು ಫೀಲ್ಡುಗಳಿರುವ ರೈಲು ಟಿಕೆಟ್ಟಿನ ಕ್ಲಾಸನ್ನು ಹೀಗೆ ಬಿಟ್ಟರೆ, ಹೊಸ ಆಬ್ಜೆಕ್ಟಿನಲ್ಲಿ ಮೊದಲೆರಡು ನಲ್ (ಏನನ್ನೂ ಸೂಚಿಸದ ಖಾಲಿ ಮೌಲ್ಯ) ಆಗಿಯೂ ದರ 0 ಆಗಿಯೂ ಇರುತ್ತವೆ. ಸೆಟ್ಟರ್‌ಗಳ, ಅಂದರೆ ಫೀಲ್ಡಿಗೆ ಮೌಲ್ಯ ಕೊಡುವ ಮೆಥಡ್‌ಗಳ ಮೂಲಕ ಅವನ್ನು ಆಮೇಲೆ ತುಂಬಬಹುದು ನಿಜ. ಆದರೆ ಒಂದು ಸೆಟ್ಟರನ್ನು ಕರೆಯಲು ಮರೆತರೆ ಕಂಪೈಲರ್ ಎಚ್ಚರಿಸುವುದಿಲ್ಲ, ಮತ್ತು ದೋಷವು ಟಿಕೆಟ್ ಹುಟ್ಟಿದ ಸಾಲಿನಲ್ಲಿ ಕಾಣದೆ, ಅದನ್ನು ಮುದ್ರಿಸುವ ಎಲ್ಲೋ ದೂರದ ಮೆಥಡ್‌ನಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ ಆಗಿ ಹೊರಬೀಳುತ್ತದೆ. ದರವನ್ನು ತುಂಬಲು ಮರೆತಿದ್ದರೆ ಎಕ್ಸೆಪ್ಶನ್ ಕೂಡ ಬಾರದೆ ಲೆಕ್ಕವಷ್ಟೇ ತಪ್ಪುತ್ತದೆ; ಇದು ಇನ್ನೂ ಕೆಟ್ಟದ್ದು.

ಆದ್ದರಿಂದ ಮೂರೂ ಮೌಲ್ಯಗಳನ್ನು ಕೇಳಿ ಪಡೆಯುವ ಕನ್‌ಸ್ಟ್ರಕ್ಟರನ್ನು ಬರೆಯಿರಿ. ಅದರ ಹೆಸರು ಕ್ಲಾಸಿನ ಹೆಸರೇ ಆಗಿರಬೇಕು, ರಿಟರ್ನ್ ಟೈಪ್ ಇರಬಾರದು. ಅಭ್ಯಾಸಬಲದಿಂದ ವಾಯ್ಡ್ ಎಂದು ಸೇರಿಸಿದರೆ ಅದು ಸಾಮಾನ್ಯ ಮೆಥಡ್ ಆಗಿಬಿಡುತ್ತದೆ. ಒಳಗೆ ಮೊದಲು ಪರಿಶೀಲನೆ ನಡೆಯಲಿ: ಪಿಎನ್‌ಆರ್‌ನಲ್ಲಿ 10 ಅಂಕಿಗಳಿಲ್ಲದಿದ್ದರೆ, ದಿನಾಂಕ ನಲ್ ಆಗಿದ್ದರೆ ಅಥವಾ ದರ ಋಣಾತ್ಮಕವಾಗಿದ್ದರೆ ಇಲ್ಲೀಗಲ್ ಆರ್ಗ್ಯುಮೆಂಟ್ ಎಕ್ಸೆಪ್ಶನ್ ಎಸೆಯಿರಿ. ಅನಂತರ ಮೌಲ್ಯಗಳನ್ನು ಫೀಲ್ಡುಗಳಿಗೆ ಕೊಡಿ. ಪ್ಯಾರಾಮೀಟರಿಗೂ ಫೀಲ್ಡಿಗೂ ಒಂದೇ ಹೆಸರಿದ್ದು, ಫೀಲ್ಡಿನ ಮುಂದೆ ದಿಸ್ (ಈ ಆಬ್ಜೆಕ್ಟಿನದು ಎಂದು ಸೂಚಿಸುವ ಪದ) ಹಾಕಲು ಮರೆತರೆ ಪ್ಯಾರಾಮೀಟರ್ ತನಗೆ ತಾನೇ ಮೌಲ್ಯ ಕೊಟ್ಟುಕೊಳ್ಳುತ್ತದೆ, ಫೀಲ್ಡು ಖಾಲಿಯೇ ಉಳಿಯುತ್ತದೆ. ಫೀಲ್ಡುಗಳನ್ನು ಫೈನಲ್ (ಒಮ್ಮೆ ಕೊಟ್ಟ ಮೌಲ್ಯ ಮತ್ತೆ ಬದಲಾಗದು) ಎಂದು ಘೋಷಿಸಿದ್ದರೆ ಈ ತಪ್ಪನ್ನು ಕಂಪೈಲರೇ ಹಿಡಿಯುತ್ತದೆ. ಸಾಧ್ಯವಿರುವಲ್ಲೆಲ್ಲ ಹಾಗೆ ಮಾಡುವುದೇ ಲೇಸು.

ನೀವು ಒಂದು ಕನ್‌ಸ್ಟ್ರಕ್ಟರ್ ಬರೆದ ಕೂಡಲೇ ಕಂಪೈಲರ್ ಕೊಡುತ್ತಿದ್ದದ್ದು ಇಲ್ಲವಾಗುವುದರಿಂದ, ಖಾಲಿ ಆವರಣಗಳೊಂದಿಗೆ ಟಿಕೆಟ್ ಸೃಷ್ಟಿಸುತ್ತಿದ್ದ ಹಳೆಯ ಸಾಲುಗಳೆಲ್ಲ ಎರರ್ ತೋರಿಸುತ್ತವೆ. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ಅಪೂರ್ಣ ಟಿಕೆಟ್ ಹುಟ್ಟುತ್ತಿದ್ದ ಜಾಗಗಳ ಪಟ್ಟಿ ಪುಕ್ಕಟೆಯಾಗಿ ಸಿಕ್ಕಂತಾಯಿತು. ಸಬ್‌ಕ್ಲಾಸ್‌ಗಳಿದ್ದರೆ ಅವುಗಳ ಕನ್‌ಸ್ಟ್ರಕ್ಟರಿನಲ್ಲಿ ಸೂಪರ್ ಮೂಲಕ ಅದೇ ಮೂರು ಮೌಲ್ಯಗಳನ್ನು ಮೇಲಕ್ಕೆ ಕಳಿಸಬೇಕು. ದರದ ರಿಯಾಯಿತಿಗೆಂದೋ ಮತ್ತೇನಕ್ಕೋ ಎರಡನೆಯ ಕನ್‌ಸ್ಟ್ರಕ್ಟರ್ ಬೇಕಾದರೆ, ಪರಿಶೀಲನೆಯನ್ನು ಅಲ್ಲಿ ನಕಲು ಮಾಡದೆ, ದಿಸ್ ಮೂಲಕ ಮೊದಲನೆಯದನ್ನೇ ಕರೆಯಿರಿ.

ಜಾವಾ ಆಬ್ಜೆಕ್ಟುಗಳನ್ನು ಡೇಟಾಬೇಸಿನಲ್ಲಿ ಉಳಿಸುವ ಜೆಪಿಎ ಎಂಬ ವ್ಯವಸ್ಥೆ ಬಳಸುವ ಎಂಟಿಟಿ ಕ್ಲಾಸುಗಳು ಇದಕ್ಕೆ ಹೊರತು. ಅಲ್ಲಿ ಆರ್ಗ್ಯುಮೆಂಟ್ ಇಲ್ಲದ ಕನ್‌ಸ್ಟ್ರಕ್ಟರ್ ಕಡ್ಡಾಯವಾಗಿರುವುದರಿಂದ ಅದನ್ನು ಪ್ರೊಟೆಕ್ಟೆಡ್ ಆಗಿ ಇಟ್ಟು, ಡೇಟಾಬೇಸಿಗೆ ಹೋಗುವ ಫೀಲ್ಡುಗಳ ಫೈನಲ್ ಅನ್ನು ತೆಗೆಯಬೇಕಾಗುತ್ತದೆ. ಬರೀ ಮಾಹಿತಿಯನ್ನು ಹೊತ್ತೊಯ್ಯುವ ಕ್ಲಾಸಾದರೆ ಜಾವಾ 16ರಿಂದ ರೆಕಾರ್ಡ್ ಬಳಸಬಹುದು. ಅದರ ಕಾಂಪ್ಯಾಕ್ಟ್ ಕನ್‌ಸ್ಟ್ರಕ್ಟರಿನಲ್ಲಿ ಪರಿಶೀಲನೆಯ ಸಾಲುಗಳನ್ನಷ್ಟೇ ಬರೆದರೆ, ಫೀಲ್ಡುಗಳಿಗೆ ಮೌಲ್ಯ ಕೊಡುವ ಕೆಲಸವನ್ನು ಕಂಪೈಲರ್ ನೋಡಿಕೊಳ್ಳುತ್ತದೆ.